ಪೂವಯ್ಯನವರ ಎಸ್ಟೇಟಿನಲ್ಲಿ ಮಳೆ ಕಡಿಮೆಯಾದ ವರ್ಷ

ಕುಶಾಲನಗರದ ಒಂದು ಬೆಳೆಗಾರರ ಸಂಘದ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ನಾನು ಮಾಡಿದ ಕೆಲಸ, ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು ಎಂದು ಬರೆದಿಡುವುದು. ಮೊದಲ ಒಂಬತ್ತು ವರ್ಷ ರಿಜಿಸ್ಟರಿನಲ್ಲಿ ಬರೆದೆ, ಆಮೇಲೆ ಕಂಪ್ಯೂಟರಿನಲ್ಲಿ. ಪ್ರೋಗ್ರಾಂ ಬರೆಯಲು ಕಲಿತದ್ದು ಮೂವತ್ತೈದು ದಾಟಿದ ಮೇಲೆ, ಬೇರೆ ಯಾರೂ ಇಲ್ಲದ್ದರಿಂದ. ಈಗ ಈ ಕೆಲಸಕ್ಕೆ ಸೇರುವವರು ಆಗಾಗ ಶಿರಂಗಾಲದ ನಮ್ಮ ಮನೆಗೆ ಬರುತ್ತಾರೆ. ಯಾವ ಭಾಷೆ ಕಲಿತರೆ ಒಳ್ಳೆಯದು ಎಂದು ಕೇಳುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನನ್ನಲ್ಲಿರುವುದು ನಾನೇ ಮಾಡಿದ ಒಂದು ತಪ್ಪಿನ ವಿವರ. ಅದನ್ನು ನೆನಪಿರುವಷ್ಟು ಕ್ರಮವಾಗಿ ಬರೆಯುತ್ತೇನೆ.

ನಾನು ಸೇರಿದಾಗ ಇದ್ದ ಸೆಕ್ರೆಟರಿ ಹಿಂದೆ ಕೆಲವು ವರ್ಷ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದವರು. ಮಳೆಯ ಅಂಕಿಯನ್ನೂ ಸುದ್ದಿಯಂತೆಯೇ ನೋಡುತ್ತಿದ್ದರು. ಯಾರು ಹೇಳಿದರು, ಎಷ್ಟು ಗಂಟೆಗೆ, ಅವರೇ ಅಳೆದರೋ ಇನ್ನೊಬ್ಬರಿಂದ ಕೇಳಿದರೋ, ಎಲ್ಲವೂ ರಿಜಿಸ್ಟರಿನಲ್ಲಿ ಇರಬೇಕಿತ್ತು. ಕೊಡಗಿನ ಎಸ್ಟೇಟುಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ. ಒಂದು ಇಂಚಿಗೆ ನೂರು ಸೆಂಟು. ಶಾಲೆಗಳಲ್ಲಿ ಇಟ್ಟಿರುವ ಮಾಪಕಗಳದ್ದು ಮಿಲಿಮೀಟರ್. ನಾವು ಎಲ್ಲವನ್ನೂ ಮಿಲಿಮೀಟರಿಗೆ ಪರಿವರ್ತಿಸಿ ಬರೆಯುತ್ತಿದ್ದೆವು. ಮೊದಲ ವಾರ ನಾನು ಪರಿವರ್ತಿಸಿದ ಅಂಕಿಯನ್ನು ಮಾತ್ರ ಬರೆದಿದ್ದೆ. ಸೆಕ್ರೆಟರಿ ಪುಟ ತಿರುವಿ, "ಇದು ನೀನು ಹೇಳಿದ್ದು ಲೋಕೇಶ. ಅವರು ಹೇಳಿದ್ದು ಎಲ್ಲಿ?" ಎಂದರು. ಅಂದಿನಿಂದ ಅಂಚಿನಲ್ಲಿ ಎಸ್ಟೇಟಿನವರು ಹೇಳಿದ ಮಾತನ್ನೂ ಬರೆಯತೊಡಗಿದೆ: ಒಂದು ಇಂಚು ಐದು ಸೆಂಟು, ಬೆಳಿಗ್ಗೆ ಎಂಟು, ಸ್ವತಃ.

ಕಂಪ್ಯೂಟರ್ ಬಂದಾಗ ಆ ಅಂಚನ್ನು ನಾನೇ ತೆಗೆದುಹಾಕಿದೆ. ಒಂದೇ ಮಳೆಗೆ ಎರಡು ಅಂಕಿ ಯಾಕೆ ಎಂದುಕೊಂಡೆ. ಆ ಹೊತ್ತಿಗೆ ಸೆಕ್ರೆಟರಿ ನಿವೃತ್ತರಾಗಿದ್ದರು, ಕೇಳುವವರು ಇರಲಿಲ್ಲ.

ಈ ಅಂಕಿಗಳು ಯಾರಿಗೆ ಬೇಕು ಎಂಬುದನ್ನೂ ಹೇಳಬೇಕು. ಸುಂಟಿಕೊಪ್ಪದ ಮೇಲಿನ ಗುಡ್ಡಗಳ ನೀರು ಒಂದು ತೋಡಾಗಿ, ಅಂದರೆ ಸಣ್ಣ ಹಳ್ಳವಾಗಿ ಇಳಿದು, ಕೆಳಗೆ ಬಯಲಿಗೆ ಬರುವಾಗ ಇಪ್ಪತ್ತೆರಡು ಮನೆಗಳ ಒಂದು ಸಾಲಿನ ಹಿಂದೆಯೇ ಹಾದುಹೋಗುತ್ತದೆ. ಹಾರಂಗಿ ಅಣೆಕಟ್ಟಿನ ನೀರಿಗೆ ಅದರದೇ ಸೈರನ್ನು, ಅದರದೇ ಅಧಿಕಾರಿಗಳು ಇದ್ದಾರೆ. ಈ ತೋಡಿಗೆ ಯಾರೂ ಇರಲಿಲ್ಲ. ಮೇಲೆ ಜೋರು ಮಳೆಯಾದರೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ ನೀರು ಮನೆಗಳ ಹಿಂಬಾಗಿಲಿಗೆ ಬರುತ್ತದೆ. ಆದ್ದರಿಂದ ನಮ್ಮ ಪ್ರೋಗ್ರಾಂ ಗಂಟೆಗೊಮ್ಮೆ ಎಲ್ಲ ಮಾಪಕಗಳ ಪಟ್ಟಿಯನ್ನು ಓದುತ್ತಿತ್ತು. ಮೇಲಿನ ಎಸ್ಟೇಟಿನ ಅಂಕಿ ಐವತ್ತು ಮಿಲಿಮೀಟರ್ ದಾಟಿದರೆ ಇಪ್ಪತ್ತೆರಡು ಮನೆಗಳ ಫೋನಿಗೆ ಸಂದೇಶ ಹೋಗುತ್ತಿತ್ತು.

ನಮ್ಮ ಪಟ್ಟಿಯಲ್ಲಿ ಆಗ ಉಳಿದಿದ್ದ ಎಸ್ಟೇಟ್ ಅದೊಂದೇ, ಮಿಕ್ಕವೆಲ್ಲ ಶಾಲೆಗಳು. ಅಲ್ಲಿನ ರೈಟರ್ ಪೂವಯ್ಯನವರು. ಕೆಲಸಗಾರರ ಹಾಜರಿ ಬರೆಯುವುದು ಅವರ ಉದ್ಯೋಗ. ಮಳೆ ಅಳೆಯುವುದು ಅವರ ತಂದೆಯಿಂದ ಬಂದದ್ದು. ತಂದೆಯೂ ಅದೇ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಮಳೆ ಜೋರಾದ ದಿನ ಮೂರು ಗಂಟೆಗೊಮ್ಮೆ ಅಳೆದು ಫೋನ್ ಮಾಡುತ್ತಿದ್ದರು. ನಾವು ಅದನ್ನು ಅವರ ಎಸ್ಟೇಟಿನ ಪುಟದಲ್ಲಿ ತುಂಬುತ್ತಿದ್ದೆವು.

ನಾನು ನಿವೃತ್ತನಾದ ವರ್ಷದ ಹಿಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ತೋಡಿನ ನೀರು ಆ ಮನೆಗಳಿಗೆ ನುಗ್ಗಿತು. ಸಂದೇಶ ಹೋಗಿರಲಿಲ್ಲ. ಜೀವಹಾನಿ ಆಗಲಿಲ್ಲ. ಆದರೆ ಕೊನೆಯ ಮನೆಯ ಜಯಮ್ಮನ ಹಿಟ್ಟಿನ ಗಿರಣಿಯ ಮೋಟರ್ ಮುಳುಗಿ ಸುಟ್ಟಿತು. ಜಯಮ್ಮನ ಮಾವ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು. ಗಂಡ ತೀರಿದ ಮೇಲೆ ಮುಂದಿನ ಕೋಣೆಯಲ್ಲಿ ಗಿರಣಿ ಹಾಕಿ ಆಕೆಯೇ ನಡೆಸುತ್ತಿದ್ದರು. ಅಂದು ಪಟ್ಟಿಯಲ್ಲಿ ಪೂವಯ್ಯನವರ ಎಸ್ಟೇಟಿನ ಮಳೆ ಇಪ್ಪತ್ತಾರು ಮಿಲಿಮೀಟರ್ ಎಂದಿತ್ತು.

ತಪ್ಪು ಯಾರದ್ದೆಂದು ಎಲ್ಲರೂ ಬೇಗ ತೀರ್ಮಾನಿಸಿದರು, ನಾನೂ ಸೇರಿ. ಆ ಎಸ್ಟೇಟಿನ ಅಂಕಿಗಳು ಅಕ್ಕಪಕ್ಕದ ಶಾಲೆಗಳಿಗಿಂತ ಕಡಿಮೆ ಇರುವುದನ್ನು ನಾವು ಒಂದು ವರ್ಷದಿಂದ ಗಮನಿಸಿದ್ದೆವು. ಮಾಪಕದ ಪಕ್ಕ ಒಂದು ಕಿತ್ತಳೆ ಮರವಿತ್ತು. ಮರದ ಮರೆಗೆ ಮಳೆ ಪೂರ್ತಿ ಬೀಳುತ್ತಿಲ್ಲ ಎಂದು ಸಂಘದಿಂದ ಪತ್ರ ಹೋಯಿತು. ಆ ಪತ್ರ ಬರೆದವನು ನಾನು. ಪೂವಯ್ಯನವರು ಮರ ಕಡಿಸಿದರು. ಅದು ಅವರ ಹೆಂಡತಿ ನೆಟ್ಟ ಮರವೆಂದು ನನಗೆ ಗೊತ್ತಾದದ್ದು ಆಮೇಲೆ. ಮರ ಹೋದ ಮೇಲೂ ಪಟ್ಟಿಯ ಅಂಕಿ ಕಡಿಮೆಯೇ ಬಂತು.

ಏಪ್ರಿಲ್ ಕೊನೆಯಲ್ಲಿ ಆಗಿನ ಸೆಕ್ರೆಟರಿ ಉತ್ತಯ್ಯನವರು ನನ್ನನ್ನು ಕರೆದರು. ಒಳ್ಳೆಯ ಆಡಳಿತಗಾರರು, ಮಾತು ಕಡಿಮೆ.

"ಲೋಕೇಶ್, ಜೂನ್ ಒಂದರಿಂದ ಆ ಎಸ್ಟೇಟನ್ನು ಪಟ್ಟಿಯಿಂದ ತೆಗೀರಿ. ತಪ್ಪು ಅಂಕಿಗಿಂತ ಅಂಕಿ ಇಲ್ಲದಿರೋದು ವಾಸಿ."

"ಸಾರ್, ತೋಡಿನ ಮೇಲೆ ಇರೋದು ಅದೊಂದೇ ಮಾಪಕ."

"ಆ ರೈಟರಿಗೆ ವಯಸ್ಸಾಯ್ತು. ಕಣ್ಣು ಕಾಣ್ತದೋ ಇಲ್ವೋ. ನೀವು ಜವಾಬ್ದಾರಿ ತಗೊಳ್ತೀರಾ?"

ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ. ಮೇ ಮುಗಿಯುವವರೆಗೆ ಸಮಯ ಕೇಳಿದೆ.

ಅದೇ ವಾರ ಜಯಮ್ಮ ಕಚೇರಿಗೆ ಬಂದರು. ಹೊಸ ಮೋಟರ್ ಹಾಕಿಸಿದ್ದರು. ಬಾಗಿಲಲ್ಲೇ ನಿಂತು ಕೇಳಿದರು.

"ಸಾ, ಈ ಸಲ ಮೆಸೇಜು ಬತ್ತದಾ, ಇಲ್ವಾ? ಅದೊಂದು ಹೇಳ್ಬುಡಿ."

"ನೋಡ್ತಾ ಇದೀವಿ ಜಯಮ್ಮ."

"ನೋಡೋದು ಬ್ಯಾಡ. ಮೋಟರ್ ಬಿಚ್ಚಿ ತೊಲೆಗೆ ಏರ್ಸಕ್ಕೆ ಎಲ್ಡ್ ಗಂಟೆ ಬೇಕು. ಎಲ್ಡ್ ಗಂಟೆ ಮುಂಚೆ ಹೇಳ್ತೀನಿ ಅಂದ್ರೆ ಅಲ್ಲೇ ಇರ್ತೀನಿ. ಇಲ್ಲಾಂದ್ರೆ ಈಗ್ಲೇ ಗಿರಣಿ ಮುಚ್ಚಿ, ಕೂಡಿಗೆಲಿ ತಮ್ಮನ ಮನೆಗೆ ಹೋಯ್ತೀನಿ. ಮಳೆಗಾಲ ಪೂರ್ತಿ ಮೋಟರನ್ನ ನೇತು ಹಾಕ್ಕಂಡು ರಾಗಿ ಬೀಸಕ್ಕಾಯ್ತದಾ?"

ನಾನು ಮೇ ಮೂವತ್ತೊಂದರ ಒಳಗೆ ಹೇಳುತ್ತೇನೆ ಎಂದೆ. ಆಕೆ ಆ ದಿನಾಂಕವನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡು ಹೋದರು.

ಮರುದಿನ ನಾನು ಸುಂಟಿಕೊಪ್ಪದ ಬಸ್ಸು ಹತ್ತಿದೆ. ಇಷ್ಟು ವರ್ಷದಲ್ಲಿ ಪೂವಯ್ಯನವರ ದನಿ ದಿನವೂ ಕೇಳಿದ್ದೆ, ಅವರ ಮಾಪಕ ನೋಡಿರಲಿಲ್ಲ. ಎಸ್ಟೇಟ್ ಕಚೇರಿಯ ಎದುರು ಬಯಲಿನಲ್ಲಿ ಅದು ನೇರವಾಗಿ ನಿಂತಿತ್ತು. ತಾಮ್ರದ ಆಲಿಕೆ, ಒಳಗೆ ಬಾಟಲಿ, ಪಕ್ಕದಲ್ಲಿ ಕತ್ತರಿಸಿದ ಕಿತ್ತಳೆಯ ಮೋಟು. ಪೂವಯ್ಯನವರು ಬಾಟಲಿಗೆ ನೀರು ಹಾಕಿ, ಅಳತೆಯ ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ ತೋರಿಸಿದರು. ಕನ್ನಡಕ ಹಾಕಿರಲಿಲ್ಲ. ನಾನು ಓದಿದರೂ ಅದೇ ಅಂಕಿ.

"ಎಂಥ ಮಾರಾಯ್ರೇ, ಪರೀಕ್ಷೆ ಮಾಡ್ಲಿಕ್ಕೆ ಬಂದದ್ದಾ?" ಎಂದರು. "ಪಾಸಾ, ಫೇಲಾ?"

"ಪಾಸು."

"ಹಾಗಾದ್ರೆ ಫೇಲ್ ಆದದ್ದು ಯಾರು?"

ನಮ್ಮ ಪಟ್ಟಿಯ ಮುದ್ರಿತ ಪ್ರತಿ ನನ್ನ ಚೀಲದಲ್ಲಿತ್ತು. ನಾನು ಅವರ ಮಳೆ ಪುಸ್ತಕ ಕೇಳಿದೆ. ನೀರು ನುಗ್ಗಿದ ದಿನದ ಪುಟ ತೆಗೆದರು. ಮಧ್ಯಾಹ್ನ ಹನ್ನೆರಡು, ಎರಡು ಇಂಚು ಅರವತ್ತು ಸೆಂಟು. ಅಂದರೆ ಅರವತ್ತಾರು ಮಿಲಿಮೀಟರ್. ನಮ್ಮ ಪಟ್ಟಿ ಹೇಳಿದ್ದು ಇಪ್ಪತ್ತಾರು. ಇನ್ನೊಂದು ಪುಟ: ಮೂರು ಇಂಚು ನಲವತ್ತು ಸೆಂಟು, ಅಂದರೆ ಎಂಬತ್ತಾರಕ್ಕಿಂತ ಸ್ವಲ್ಪ ಹೆಚ್ಚು. ಪಟ್ಟಿಯಲ್ಲಿ ಮೂವತ್ತನಾಲ್ಕು. ನಾನು ಜೇಬಿನಿಂದ ಫೋನ್ ತೆಗೆದು ಭಾಗಿಸಿದೆ. ಎರಡು ಸಲವೂ ಎರಡು ಪಾಯಿಂಟ್ ಐದು ನಾಲ್ಕು. ಇನ್ನೂ ಹತ್ತು ಪುಟ ನೋಡಿದೆ. ಅದೇ.

ಮರದ ಮರೆ ಗಾಳಿ ಬಂದಂತೆ ಬದಲಾಗುತ್ತದೆ. ಪ್ರತಿದಿನ ಅಷ್ಟು ಕರಾರುವಾಕ್ಕಾಗಿ ಕಳೆಯುವುದಿಲ್ಲ. ಒಂದು ಇಂಚಿಗೆ ಎರಡು ಪಾಯಿಂಟ್ ಐದು ನಾಲ್ಕು ಸೆಂಟಿಮೀಟರ್ ಎಂದು ನಾವು ಶಾಲೆಯಲ್ಲಿ ಕಲಿತದ್ದು. ತಪ್ಪು ನನ್ನ ಕಂಪ್ಯೂಟರಿನಲ್ಲಿದೆ ಎಂದು ಅಲ್ಲೇ ಗೊತ್ತಾಯಿತು. ಪೂವಯ್ಯನವರಿಗೆ ಹೇಳಿದೆ. ಅವರು ಕಿತ್ತಳೆಯ ಮೋಟಿನ ಕಡೆ ನೋಡಿದರು. ಕಾಫಿ ತರಿಸಿದರು.

ತಪ್ಪು ಇದೆ ಎಂದು ತಿಳಿಯುವುದು ಬೇರೆ, ಎಲ್ಲಿದೆ ಎಂದು ತೋರಿಸುವುದು ಬೇರೆ. ಕಚೇರಿಯಲ್ಲಿ ನನ್ನ ಜೊತೆ ಪ್ರೋಗ್ರಾಂ ನೋಡುತ್ತಿದ್ದವಳು ಸಜಿತ, ಸುಂಟಿಕೊಪ್ಪದ ಹುಡುಗಿ. ಮನೆಯಲ್ಲಿ ಮಲಯಾಳಂ, ಕಚೇರಿಯಲ್ಲಿ ಕನ್ನಡ, ಕಂಪ್ಯೂಟರಿನ ಮುಂದೆ ಎರಡರಲ್ಲೂ ಬೈಗುಳ. ಅವಳು ಪೂವಯ್ಯನವರ ಎಸ್ಟೇಟಿನ ಪುಟ ತೆರೆದಳು. ಮೂರು ಇಂಚು ನಲವತ್ತು ಸೆಂಟು ಎಂದೇ ಇತ್ತು, ಸರಿಯಾಗಿ. ಆಮೇಲೆ ಎಲ್ಲ ಮಾಪಕಗಳ ಪಟ್ಟಿ ತೆರೆದಳು. ಅಲ್ಲೂ ಸರಿಯಾಗಿತ್ತು.

"ಸಾರ್, ಎಲ್ಲಿ ತಪ್ಪು? ಎಲ್ಲಾ ಸರಿ ಉಂಟಲ್ಲ!"

ಬೆಳಿಗ್ಗೆ ನಾನು ಪಟ್ಟಿ ತೆರೆದಾಗ ಮೂವತ್ತನಾಲ್ಕು ಇತ್ತು. ಸಜಿತಳ ಕಣ್ಣಿಗೆ ಸರಿ, ನನ್ನ ಕಣ್ಣಿಗೆ ತಪ್ಪು. ಉತ್ತಯ್ಯನವರಿಗೆ ತೋರಿಸೋಣ ಎಂದು ಕರೆತಂದೆವು. ಸಜಿತ ಮೊದಲು ಎಸ್ಟೇಟಿನ ಪುಟ, ಆಮೇಲೆ ಪಟ್ಟಿ ತೆರೆದಳು. ಎರಡೂ ಸರಿ. ಉತ್ತಯ್ಯನವರು ನಮ್ಮಿಬ್ಬರನ್ನೂ ನೋಡಿ, "ಸರಿ ಇರೋದನ್ನ ತೋರ್ಸಕ್ಕೆ ಕರೆದ್ರಾ?" ಎಂದು ಕೇಳಿ ಹೋದರು.

ಇಲ್ಲಿ ಮ್ಯಾಪರ್ ಎಂಬುದರ ಬಗ್ಗೆ ಸ್ವಲ್ಪ ಹೇಳಬೇಕು. ದತ್ತಾಂಶವೆಲ್ಲ ಇರುವುದು ಕೋಷ್ಟಕದ ಸಾಲುಗಳಲ್ಲಿ. ಪ್ರೋಗ್ರಾಮಿಗೆ ಬೇಕಾದದ್ದು ಶಾಲೆಯ ಮಾಪನ, ಎಸ್ಟೇಟಿನ ಮಾಪನ ಎಂಬಂಥ ವಸ್ತುಗಳು. ಸಾಲನ್ನು ವಸ್ತುವಾಗಿ, ವಸ್ತುವನ್ನು ಸಾಲಾಗಿ ಮಾಡಿಕೊಡುವ ಮಧ್ಯವರ್ತಿಯೇ ಮ್ಯಾಪರ್. ಹಿಂದೆ ಆ ಕೆಲಸವನ್ನು ನಾನೇ ಕೈಯಾರೆ ಬರೆಯುತ್ತಿದ್ದೆ. ಮೂರು ವರ್ಷದ ಹಿಂದೆ ಮ್ಯಾಪರ್‌ಗೆ ಒಪ್ಪಿಸಿದ್ದೆ. 'ಮಾಪನ' ಎಂಬ ಮೂಲ ಕ್ಲಾಸು, ಅಂದರೆ ತಂದೆಯಂಥ ಒಂದು ಅಚ್ಚು ಮಾಡಿ, ಅದರ ಕೆಳಗೆ ಮಕ್ಕಳಂತೆ ಶಾಲೆ, ಎಸ್ಟೇಟ್ ಎಂಬ ಸಬ್‌ಕ್ಲಾಸುಗಳನ್ನು ಮಾಡಿದ್ದೆ. ಎಲ್ಲದಕ್ಕೂ ಕೋಷ್ಟಕ ಒಂದೇ, ಮಳೆಯ ಕಾಲಮ್ಮೂ ಒಂದೇ. ಮೂಲ ಕ್ಲಾಸಿಗೆ ನಾನು ಬರೆದುಕೊಟ್ಟ ಟೈಪ್, ಅಂದರೆ ಅಂಕಿಯನ್ನು ಓದುವ ನಿಯಮ, ಆ ಕಾಲಮ್ಮಿನ ಅಂಕಿಯನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗವೆಂದು ಓದುತ್ತಿತ್ತು. ಎಸ್ಟೇಟಿನವರಿಗೆ ಇಂಚು-ಸೆಂಟು ಬೇಕಲ್ಲ ಎಂದು ಎಸ್ಟೇಟ್ ಸಬ್‌ಕ್ಲಾಸಿನಲ್ಲಿ ಅದೇ ಕಾಲಮ್ಮಿಗೆ ಇನ್ನೊಂದು ಟೈಪ್ ಬರೆದಿದ್ದೆ. ಅದು ಅಂಕಿಯನ್ನು ಸೆಂಟೆಂದು ಇಡುತ್ತಿತ್ತು, ಸೆಂಟೆಂದೇ ಓದುತ್ತಿತ್ತು. ಮಗನಿಗೆ ಬೇರೆ ನಿಯಮವಿದ್ದರೆ ಅವನಿಗೆ ಎಲ್ಲೆಡೆಯೂ ಅದೇ ನಡೆಯುತ್ತದೆ ಎಂದು ನಂಬಿದ್ದೆ.

ಸಜಿತ ಮ್ಯಾಪರ್ ಕೋಷ್ಟಕಕ್ಕೆ ಕಳಿಸುವ ಪ್ರತಿಯೊಂದು ಪ್ರಶ್ನೆಯನ್ನೂ ಪರದೆಯ ಮೇಲೆ ಬರುವಂತೆ ಮಾಡಿದಳು. ಎರಡು ದಿನ ಅದನ್ನೇ ಓದಿದೆವು. ಪುಟ ತೆರೆದರೂ ಪಟ್ಟಿ ತೆರೆದರೂ ಕೋಷ್ಟಕದಿಂದ ಬರುತ್ತಿದ್ದದ್ದು ಅದೇ ಮುನ್ನೂರ ನಲವತ್ತು. ಅಂದರೆ ಕೋಷ್ಟಕದಲ್ಲಿ ಗೊಂದಲವಿಲ್ಲ. ಅಲ್ಲಿಂದ ಹೊರಟ ಮೇಲೆ, ವಸ್ತುವಾಗುವ ಮೊದಲು ಏನೋ ಆಗುತ್ತಿದೆ. ಮೂರನೇ ದಿನ ಬೆಳಿಗ್ಗೆ ಅವಳು ಪ್ರೋಗ್ರಾಂ ಮುಚ್ಚಿ, ಹೊಸದಾಗಿ ತೆರೆದು, ಎಸ್ಟೇಟಿನ ಪುಟ ಮುಟ್ಟದೆ ನೇರ ಪಟ್ಟಿಗೆ ಹೋದಳು. ಮೂವತ್ತನಾಲ್ಕು.

"ಸಾರ್! ನೀವು ದಿನಾ ಹೀಗೇ ತೆರೀತೀರಿ ಅಲ್ವಾ? ಮೊದಲು ಪಟ್ಟಿ?"

"ಹೌದು."

"ನಾನು ಮೊದಲು ಪೂವಯ್ಯ ಅಂಕಲ್ ಪುಟ ನೋಡ್ತೇನೆ. ಅದಕ್ಕೇ ಇದು ನನ್ನ ಎದುರು ಒಳ್ಳೆ ಹುಡುಗನ ಹಾಗೆ ಕೂತಿದ್ದು!"

ವಿಷಯ ಇಷ್ಟೇ. ಪಟ್ಟಿಯನ್ನು ತರುವಾಗ ಮ್ಯಾಪರ್ ಎಲ್ಲ ಸಾಲುಗಳನ್ನೂ ಮೂಲ ಕ್ಲಾಸಿನ ಮೂಲಕ ತರುತ್ತಿತ್ತು. ಆಗ ಮೂಲ ಕ್ಲಾಸಿನ ಟೈಪನ್ನೇ ಬಳಸುತ್ತಿತ್ತು. ನನ್ನ ಇಂಚು-ಸೆಂಟಿನ ಟೈಪನ್ನು ಮುಟ್ಟುತ್ತಲೇ ಇರಲಿಲ್ಲ. ಮುನ್ನೂರ ನಲವತ್ತು ಸೆಂಟು ಮೂವತ್ತನಾಲ್ಕು ಮಿಲಿಮೀಟರ್ ಆಗುತ್ತಿತ್ತು. ಎಸ್ಟೇಟಿನ ಪುಟವನ್ನು ಮೊದಲು ತೆರೆದರೆ, ಸರಿಯಾಗಿ ಬಂದ ಆ ವಸ್ತುವನ್ನು ಪ್ರೋಗ್ರಾಂ ಮುಚ್ಚುವವರೆಗೆ ಮ್ಯಾಪರ್ ಕೈಯಲ್ಲೇ ಇಟ್ಟುಕೊಳ್ಳುತ್ತಿತ್ತು. ಪಟ್ಟಿಗೂ ಅದನ್ನೇ ಕೊಡುತ್ತಿತ್ತು. ನೋಡಲು ಹೋದವರಿಗೆ ತಪ್ಪು ಕಾಣದೆ ಇದ್ದದ್ದು ಅದಕ್ಕೆ. ಸಂದೇಶ ಕಳಿಸುವ ಪ್ರೋಗ್ರಾಂ ಮಾತ್ರ ಗಂಟೆಗೊಮ್ಮೆ ಹೊಸದಾಗಿ ಶುರುವಾಗಿ, ನೇರ ಪಟ್ಟಿಯನ್ನೇ ಓದುತ್ತಿತ್ತು. ಎಸ್ಟೇಟಿನ ಪುಟದಲ್ಲಿ ತುಂಬಿದ ಅಂಕಿ ಅದಕ್ಕೆ ಒಂದು ದಿನವೂ ಸರಿಯಾಗಿ ಸಿಕ್ಕಿರಲಿಲ್ಲ.

ಮೂರು ವರ್ಷದ ಹಿಂದೆ ನಾನು ಇದನ್ನು ಪರೀಕ್ಷಿಸಿದ್ದು ಎಸ್ಟೇಟಿನ ಪುಟ ತೆರೆದು. ಅಂಕಿ ಹಾಕಿದೆ, ಅದೇ ಅಂಕಿ ವಾಪಸ್ ಬಂತು, ಸಮಾಧಾನಪಟ್ಟೆ. ಪಟ್ಟಿಯಲ್ಲಿ ನೋಡಲಿಲ್ಲ.

ಉತ್ತಯ್ಯನವರ ಬಳಿ ಒಬ್ಬನೇ ಹೋಗಿ ಹೇಳಿದೆ. ರೈಟರಿನ ಕಣ್ಣು ಸರಿಯಿದೆ, ಮಾಪಕ ಸರಿಯಿದೆ, ಮರದ್ದೂ ತಪ್ಪಿರಲಿಲ್ಲ, ತಪ್ಪು ನನ್ನದು ಎಂದೆ. ಅವರು ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು.

"ಬರೆದು ಕೊಡ್ತೀರಾ?"

"ಕೊಡ್ತೀನಿ ಸಾರ್."

"ಜೂನ್ ಒಂದರೊಳಗೆ ಸರಿ ಆಗ್ತದಾ?"

"ಆಗ್ತದೆ. ಆದ್ರೆ ಹಳೇ ಅಂಕಿ ಸರಿ ಮಾಡೋಕೆ ಪೂವಯ್ಯನವರ ಪುಸ್ತಕ ಬೇಕು."

"ಹಾಗಾದ್ರೆ ನೀವೇ ಕೇಳಿ. ನಾನು ಯಾವ ಮುಖ ಇಟ್ಕೊಂಡು ಕೇಳ್ಲಿ?" ಎಂದರು. ಅವರು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹೊಸ ಅಂಕಿಗಳಿಗೆ ಪರಿಹಾರ ಸುಲಭವಿತ್ತು. ಸಬ್‌ಕ್ಲಾಸಿನ ಟೈಪನ್ನು ತೆಗೆದುಹಾಕಿದೆವು. ಕಾಲಮ್ಮಿನಲ್ಲಿ ಇರುವುದು ಮಿಲಿಮೀಟರ್ ಮಾತ್ರ, ಯಾರ ಮೂಲಕ ತಂದರೂ ಅದೇ. ಇಂಚಿನಿಂದ ಪರಿವರ್ತನೆ ಅಂಕಿ ಒಳಗೆ ಬರುವ ಬಾಗಿಲಲ್ಲೇ. ಪಕ್ಕದಲ್ಲಿ ಇನ್ನೊಂದು ಕಾಲಮ್ಮು ಸೇರಿಸಿದೆವು, 'ಹೇಳಿದಂತೆ' ಎಂದು. ಅದರಲ್ಲಿ ಫೋನಿನಲ್ಲಿ ಹೇಳಿದ ಮಾತು ಹಾಗೆಯೇ ಇರುತ್ತದೆ. ನಾನು ತೆಗೆದುಹಾಕಿದ್ದ ಅಂಚು ಹದಿನೆಂಟು ವರ್ಷದ ಮೇಲೆ ವಾಪಸ್ ಬಂತು.

ಹಳೆಯ ಅಂಕಿಗಳನ್ನು ಒಟ್ಟಿಗೆ ಗುಣಿಸಿ ಸರಿಪಡಿಸಲು ಸಾಧ್ಯವಿರಲಿಲ್ಲ. ನಾನು ರಜೆಯಲ್ಲಿದ್ದ ವಾರಗಳಲ್ಲಿ ಕಚೇರಿಯವರು ಎಲ್ಲ ಮಾಪಕಗಳ ಅಂಕಿಯನ್ನೂ ಮಿಲಿಮೀಟರಿನಲ್ಲಿ, ಪಟ್ಟಿಯಲ್ಲೇ ಒಟ್ಟಾಗಿ ತುಂಬಿದ್ದರು. ಅವು ಮೂಲ ಕ್ಲಾಸಿನ ಮೂಲಕ ಹೋಗಿ ಸರಿಯಾಗಿಯೇ ಕೂತಿದ್ದವು. ಯಾವ ಸಾಲು ಯಾವುದು ಎಂದು ಅಂಕಿ ನೋಡಿ ಹೇಳಲಾಗುತ್ತಿರಲಿಲ್ಲ. ಪೂವಯ್ಯನವರು ಮೂರು ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು. ನಾಲ್ಕು ದಿನ ಬಂದರು. ಅವರು ಓದುವುದು, ಸಜಿತ ಹೋಲಿಸುವುದು.

"ಜುಲೈ ಒಂಬತ್ತು. ಒಂದು ಇಂಚು ಐದು."

"ಅಂಕಲ್, ಐದಾ, ಐವತ್ತಾ?"

"ಐವತ್ತಾದ್ರೆ ಐವತ್ತು ಹೇಳ್ತಿರ್ಲಿಲ್ವಾ ಮಗಾ? ನಿನ್ನ ಮಿಶನ್ ಹಾಗೆ ಒಬ್ಬೊಬ್ರಿಗೆ ಒಂದೊಂದು ಹೇಳುದಿಲ್ಲ ನಾನು."

"ಆಯ್ತು ಅಂಕಲ್, ಬೈಬೇಡಿ. ಮಿಶನ್ ಬರೆದದ್ದು ಲೋಕೇಶ್ ಸಾರ್."

"ಅವರಿಗೇ ಹೇಳಿದ್ದು. ನಿನ್ನ ಹೆಸರು ಹಿಡಿದು ಹೇಳಿದ್ರೆ ಅವರಿಗೆ ಬೇಜಾರಾಗುದಿಲ್ಲ ಅಂತ."

ಕೊನೆಯ ದಿನ ಚೀಲ ಕಟ್ಟುವಾಗ ಪೂವಯ್ಯನವರು ನನ್ನನ್ನು ಕೇಳಿದರು. "ಎಲ್ಲ ಸರಿಯಾಯ್ತಲ್ಲ. ಮರ ಉಂಟಲ್ಲ, ಅದನ್ನೂ ಸರಿ ಮಾಡ್ತದಾ ನಿಮ್ಮ ಕಂಪ್ಯೂಟರ್?"

ಮುಂದಿನ ಭಾನುವಾರ ನರ್ಸರಿಯಿಂದ ಒಂದು ಕಿತ್ತಳೆ ಗಿಡ ತೆಗೆದುಕೊಂಡು ಹೋದೆ. ಅವರು ಮಾಪಕದಿಂದ ನಲವತ್ತು ಅಡಿ ಟೇಪು ಹಿಡಿದು ಅಳೆದು, ಗುಂಡಿಯ ಜಾಗ ತೋರಿಸಿದರು. "ಇನ್ನು ಯಾರೂ ಪತ್ರ ಬರೀಲಿಕ್ಕಿಲ್ಲ," ಎಂದರು.

ಮೇ ಮೂವತ್ತರಂದು ಜಯಮ್ಮನ ಮನೆಗೆ ಹೋಗಿ, ಸಂದೇಶ ಬರುತ್ತದೆ ಎಂದೆ. ಹಿಂದಿನ ವರ್ಷ ಬರದಿದ್ದದ್ದು ನನ್ನ ತಪ್ಪಿನಿಂದ ಎಂಬುದನ್ನೂ ಹೇಳಿದೆ. ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಹೋದ್ ವರ್ಷದ್ದು ಹೋಯ್ತು ಬುಡಿ. ಎಲ್ಡ್ ಗಂಟೆ. ನೆನಪ್ ಮಡಿಕಳಿ."

ಆ ಜುಲೈನಲ್ಲಿ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಪೂವಯ್ಯನವರ ಫೋನ್ ಬಂತು. ಎರಡು ಇಂಚು ಮೂವತ್ತು ಸೆಂಟು, ಈಗ ತಾನೇ, ಸ್ವತಃ. ಸಜಿತ ತುಂಬಿದಳು. ತುಂಬಿದ ಮೇಲೆ ಇಬ್ಬರೂ ಎಸ್ಟೇಟಿನ ಪುಟವನ್ನು ಮತ್ತೆ ತೆರೆಯಲಿಲ್ಲ. ಗಂಟೆಯ ಓದುವಿಕೆಗೆ ಕಾದೆವು. ಹನ್ನೊಂದಕ್ಕೆ ಪಟ್ಟಿಯಲ್ಲಿ ಐವತ್ತೆಂಟು ಪಾಯಿಂಟ್ ನಾಲ್ಕು ಎಂದು ಬಂತು. ಇಪ್ಪತ್ತೆರಡು ಸಂದೇಶಗಳು ಹೋದವು. ನಂಬಿಕೆ ಸಾಲದೆ ನಾನು ಎಲ್ಲ ಮನೆಗಳಿಗೂ ಫೋನ್ ಮಾಡಿದೆ. ಜಯಮ್ಮ ಎತ್ತಲಿಲ್ಲ. ಮೂರು ಸಲ ಮಾಡಿದೆ. ಹನ್ನೆರಡಾಯಿತು, ಒಂದಾಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ತೋಡು ಉಕ್ಕಿದ ಸುದ್ದಿ ಬಂತು.

ಐದು ಗಂಟೆಗೆ ಆಕೆಯೇ ಫೋನ್ ಮಾಡಿದರು. ನೀರು ಇಳಿದದ್ದನ್ನು ನೋಡಿಕೊಂಡು ಹೋಗಿದ್ದ ತಮ್ಮನ ಮನೆಯಿಂದ.

"ಎಲ್ಲಿದ್ರಿ ಜಯಮ್ಮ? ಫೋನ್ ಯಾಕೆ ಎತ್ತಲಿಲ್ಲ?"

"ಯಾವ ಕೈಲಿ ಎತ್ಲಿ ಸಾ? ಎಲ್ಡೂ ಕೈಲಿ ಮೋಟರ್ ಇತ್ತು. ಮೆಸೇಜ್ ಬಂದೇಟ್ಗೆ ಪಕ್ಕದ ಮನೆಯೋರ್ನ ಕರೆದು ಏರ್ಸಿದ್ವಿ. ಒಂದೂವರೆ ಗಂಟೇಲೇ ಆಯ್ತು."

"ನೀರು?"

"ಬಂತು. ಮೊಣಕಾಲ್ ಮಟ ಬಂತು. ಒಳಗೆಲ್ಲ ಒಂದ್ ಸುತ್ತು ನೋಡ್ತು, ಏನೂ ಸಿಗ್ಲಿಲ್ಲ, ಹೋಯ್ತು."

ಮರುದಿನ ಬೆಳಿಗ್ಗೆ ಎಂಟಕ್ಕೆ ಪೂವಯ್ಯನವರು ಎಂದಿನಂತೆ ಫೋನ್ ಮಾಡಿ ರಾತ್ರಿಯ ಮಳೆ ಹೇಳಿದರು. ನಾನು ಮೊದಲು 'ಹೇಳಿದಂತೆ' ಕಾಲಮ್ಮು ತುಂಬಿದೆ. ಆಮೇಲೆ, ಅವರು ಕೇಳದಿದ್ದರೂ, ಹಿಂದಿನ ದಿನದ ಸಾಲಿನ ಪಕ್ಕ ಬರೆದಿಟ್ಟಿದ್ದ, ನೀರಿಗೆ ಏನೂ ಸಿಗಲಿಲ್ಲ ಎಂಬ ಜಯಮ್ಮನ ಮಾತನ್ನು ಅವರಿಗೆ ಓದಿ ಹೇಳಿದೆ.